ಗೋದಾಮಿನ ಬಾಗಿಲು: ಎರಡು ರೆಸಿಸ್ಟರುಗಳ ಮಹತ್ವ

ಗೋದಾಮಿನ ದಾಸ್ತಾನು ವರ್ತಕನ ಹಣವೇ ಆಗಿದೆ. ಇದನ್ನರಿತ ಅನೇಕ ಉದ್ದಿಮೆದಾರರು ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಬಾಗಿಲುಗಳನ್ನು ಅಳವಡಿಸಿದ್ದಾರೆ. ಆದರೆ ಕಂಟ್ರೋಲರ್ ಬರೆದಿಡುವ ದಾಖಲೆಯ ವಿಶ್ವಾಸಾರ್ಹತೆಯು ಬಾಗಿಲಿನಿಂದ ಅದಕ್ಕೆ ಬರುವ ಎರಡು ತಂತಿಗಳನ್ನು ಅವಲಂಬಿಸಿದೆ.

ಬಾಗಿಲ ಚೌಕಟ್ಟಿನ ಮ್ಯಾಗ್ನೆಟ್ ಕಾಂಟ್ಯಾಕ್ಟ್ ಒಂದು ಸ್ವಿಚ್ಚು. ಬಾಗಿಲು ಮುಚ್ಚಿದಾಗ ಅದು ಕೂಡಿಕೊಳ್ಳುತ್ತದೆ, ತೆರೆದಾಗ ಬಿಡಿಸಿಕೊಳ್ಳುತ್ತದೆ. ಸಾಮಾನ್ಯ ಜೋಡಣೆಯಲ್ಲಿ ಕಂಟ್ರೋಲರಿಗೆ ತಿಳಿಯುವುದು ಇವೆರಡೇ ಸ್ಥಿತಿ. ಯಾರಾದರೂ ಎರಡು ತಂತಿಗಳ ಹೊದಿಕೆ ಸುಲಿದು ಒಂದಕ್ಕೊಂದು ತಿರುಚಿದರೆ, ಬಾಗಿಲು ರಾತ್ರಿಯಿಡೀ ತೆರೆದಿದ್ದರೂ ದಾಖಲೆಯು 'ಮುಚ್ಚಿದೆ' ಎಂದೇ ಹೇಳುತ್ತದೆ. ಇದು ಬ್ಯಾಂಕಿನೊಡನೆ ತಾಳೆ ನೋಡದ ನಗದು ಪುಸ್ತಕದಂತೆ.

ಇದಕ್ಕೆ ಪರಿಹಾರ ಸೂಪರ್‌ವೈಸ್ಡ್ ಇನ್‌ಪುಟ್. 1,000 ಓಮ್‌ನ ಎರಡು ರೆಸಿಸ್ಟರುಗಳಲ್ಲಿ ಒಂದನ್ನು ಕಾಂಟ್ಯಾಕ್ಟಿಗೆ ಸಮಾಂತರವಾಗಿಯೂ ಇನ್ನೊಂದನ್ನು ಸರಣಿಯಲ್ಲಿಯೂ ಜೋಡಿಸಿದರೆ ನಾಲ್ಕು ಸ್ಥಿತಿಗಳು ದೊರೆಯುತ್ತವೆ:

1. ಬಾಗಿಲು ಮುಚ್ಚಿದೆ: 1,000 ಓಮ್.
2. ಬಾಗಿಲು ತೆರೆದಿದೆ: 2,000 ಓಮ್.
3. ತಂತಿಗಳು ಒಂದಕ್ಕೊಂದು ಕೂಡಿವೆ: ಸುಮಾರು ಸೊನ್ನೆ.
4. ತಂತಿ ತುಂಡಾಗಿದೆ: ಅಪರಿಮಿತ.

ಕೊನೆಯ ಎರಡು ಸ್ಥಿತಿಗಳಲ್ಲಿ ಕಂಟ್ರೋಲರ್ ದೋಷದ ಸೂಚನೆ ನೀಡುತ್ತದೆ.

ರೆಸಿಸ್ಟರುಗಳು ಬಾಗಿಲಿನ ತುದಿಯಲ್ಲಿ, ಕಾಂಟ್ಯಾಕ್ಟಿನ ಬಳಿಯೇ ಇರತಕ್ಕದ್ದು. ಕೆಲಸ ಸುಲಭವೆಂದು ಕಂಟ್ರೋಲರ್ ಪೆಟ್ಟಿಗೆಯೊಳಗೆ ಕೂಡಿಸಿದರೆ, ಅವುಗಳಿಂದಾಚೆಗಿನ ತಂತಿಗೆ ಯಾವ ಕಾವಲೂ ಉಳಿಯದು. ತಂತಿಯ ಉದ್ದದ ಬಗ್ಗೆ ಚಿಂತೆ ಬೇಡ. 0.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 100 ಮೀಟರ್ ದೂರಕ್ಕೆ ಹೋಗಿ ಬರುವ ರೋಧ ಸುಮಾರು 7 ಓಮ್ ಮಾತ್ರ.

ಹೊರಹೋಗುವ ಗುಂಡಿಗೂ ಇದೇ ಕ್ರಮ ಅವಶ್ಯ. ಅದರ ತಂತಿಗಳನ್ನು ಕೂಡಿಸಿದರೆ ಗುಂಡಿ ಒತ್ತಿದಂತಾಗಿ ಬಾಗಿಲೇ ತೆರೆಯಬಹುದು. ಆದರೆ ಬೆಂಕಿಯ ಸಮಯದಲ್ಲಿ ಒಳಗಿದ್ದವರು ಸಿಲುಕದಂತೆ, ಮ್ಯಾಗ್ನೆಟ್ ಬೀಗದ ವಿದ್ಯುತ್ತನ್ನು ನೇರವಾಗಿ ಕಡಿಯುವ ತುರ್ತು ಸ್ವಿಚ್ಚು ಪ್ರತ್ಯೇಕವಾಗಿರಲಿ.

ಜೋಡಣೆಯಾದ ಮೇಲೆ ಸಾಫ್ಟ್‌ವೇರಿನಲ್ಲಿ ಆ ಇನ್‌ಪುಟ್ಟನ್ನು 'ಸೂಪರ್‌ವೈಸ್ಡ್' ಎಂದು ಬದಲಿಸದಿದ್ದರೆ ಶ್ರಮವೆಲ್ಲ ವ್ಯರ್ಥ. ರೆಸಿಸ್ಟರ್ ಬೆಲೆಯೂ ಜೋಡಣೆಯ ಕ್ರಮವೂ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಕೈಪಿಡಿಯಂತೆಯೇ ನಡೆಯಬೇಕು. ಕಾಂಟ್ಯಾಕ್ಟ್ ಸಹಜ ಸ್ಥಿತಿಯಲ್ಲಿ ಕೂಡಿರುವುದೋ ಬಿಡಿಸಿರುವುದೋ ಎಂಬುದನ್ನೂ ನಮೂದಿಸಬೇಕು. ದೋಷದ ಸೂಚನೆಯು ಮಾಲೀಕರಿಗೂ ತಲುಪುವಂತಿರಲಿ.

ಬಿಲ್ ಪಾವತಿಸುವ ಮುನ್ನ ತಮ್ಮೆದುರೇ ಪರೀಕ್ಷೆ ಮಾಡಿಸಿರಿ: ಬಾಗಿಲು ತೆರೆಯಲಿ, ಬಾಗಿಲಿನ ಬಳಿ ಒಂದು ತಂತಿ ಬಿಚ್ಚಲಿ, ಬಳಿಕ ಎರಡನ್ನೂ ಕೂಡಿಸಲಿ. ಮೂರಕ್ಕೂ ಬೇರೆ ಬೇರೆ ನಮೂದು ಬಂದರೆ ಮಾತ್ರ ಕೆಲಸ ಪೂರ್ಣ.

ಇದರಲ್ಲಿ ಲೆಕ್ಕಿಗರಿಗೇನು ಆಸಕ್ತಿ ಎಂದು ಕೇಳಬಹುದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ ಕಲಂ 17(5)(ಎಚ್) ಪ್ರಕಾರ ಕಳುವಾದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯದು. ಪಡೆದಿದ್ದರೆ ಹಿಂದಿರುಗಿಸಬೇಕು. ಕಳವು ವಿಮೆಯೂ ಸಾಮಾನ್ಯವಾಗಿ ಬಲಾತ್ಕಾರದ ಪ್ರವೇಶದ ಪುರಾವೆ ಕೇಳುತ್ತದೆ. ಬಾಗಿಲು ಮುಚ್ಚಿಯೇ ಇತ್ತೆಂದು ತಮ್ಮದೇ ದಾಖಲೆ ನುಡಿದರೆ ಕ್ಲೇಮು ದುರ್ಬಲವಾಗುತ್ತದೆ. ಸರಕು, ತೆರಿಗೆ, ಪರಿಹಾರ ಮೂರೂ ಕೈತಪ್ಪುವ ಈ ಅಪಾಯದ ಮುಂದೆ, ಕೆಲವೇ ರೂಪಾಯಿಯ ಎರಡು ರೆಸಿಸ್ಟರುಗಳ ವೆಚ್ಚ ನಗಣ್ಯ.