ಯಾರು ಎಂಬ ಪ್ರಶ್ನೆ

ಇಂದಿನ ಅಂತರ್ಜಾಲದ ಮೂಲರೂಪವಾದ ‘ಆರ್ಪಾನೆಟ್’ 1982ರಲ್ಲಿ ಒಂದು ಸಣ್ಣ ಊರಿನಂತಿದ್ದಿತು. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಬೆಳೆದ ಆ ಜಾಲದಲ್ಲಿದ್ದವರು ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ, ಸಂಶೋಧನಾಲಯಗಳ ಮತ್ತು ಸೈನ್ಯದ ಜನ. ಅವರ ಹೆಸರು ವಿಳಾಸಗಳ ಪುಸ್ತಕವನ್ನು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನ ಒಂದು ಕಚೇರಿ ಕಾಪಾಡುತ್ತಿದ್ದಿತು. ಎಲಿಜಬೆತ್ ಫೈನ್ಲರ್ ಎಂಬ ಮಹಿಳೆ ಅದರ ಮುಖ್ಯಸ್ಥೆ. ಜಾಲವನ್ನು ಬಳಸುವ ಪ್ರತಿಯೊಬ್ಬರೂ ತಮ್ಮ ಹೆಸರು, ಅಂಚೆ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅಲ್ಲಿ ಬರೆಯಿಸಬೇಕೆಂದು ಆ ವರ್ಷದ ಮಾರ್ಚ್ ತಿಂಗಳ ಸೂಚನೆಯೊಂದು ಕೋರಿತು. ‘ಹೂ ಈಸ್’, ಎಂದರೆ ‘ಯಾರು’, ಎಂದು ಗಣಕಯಂತ್ರವನ್ನು ಕೇಳಿದರೆ ಸಾಕು, ಉತ್ತರ ದೊರೆಯುತ್ತಿದ್ದಿತು. ಕೇಳಿದವನು ಯಾರೆಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಇಂತಹ ಪುಸ್ತಕ ಅನಗತ್ಯವೆನ್ನುವಂತಿಲ್ಲ. ಜಾಲದಲ್ಲಿ ಸಂಚರಿಸುವ ಸಂದೇಶದ ಮೇಲೆ ಅದು ಹೊರಟ ಸ್ಥಳದ ಸಂಖ್ಯಾ ವಿಳಾಸವಿರುತ್ತದೆ. ಆದರೆ ಸಂಖ್ಯೆಯು ಹೆಸರನ್ನು ಹೇಳದು. ನಡುರಾತ್ರಿ ಒಂದು ಆಸ್ಪತ್ರೆಯ ಗಣಕಯಂತ್ರಕ್ಕೆ ಸುಳ್ಳು ಕೋರಿಕೆಗಳ ಪ್ರವಾಹವೇ ನುಗ್ಗಿತೆಂದು ಭಾವಿಸಬಹುದು. ಅದನ್ನು ತಡೆಯಬೇಕಾದ ನೌಕರನಿಗೆ, ಆ ಸಂಖ್ಯೆಗಳ ಹೊಣೆ ಹೊತ್ತವರ ದೂರವಾಣಿ ಆ ಕ್ಷಣವೇ ಬೇಕು. ಪುಸ್ತಕಕ್ಕೆ ಬೀಗ ಬಿದ್ದಿದ್ದರೆ ಅವನು ಯಾರನ್ನು ಎಬ್ಬಿಸಬೇಕು?

ಆದರೆ ಊರು ಬೆಳೆದು ಜಗತ್ತಾಯಿತು. ಗೃಹಸ್ಥರ ಹೆಸರು, ಬೀದಿ, ಮನೆಯ ಸಂಖ್ಯೆ ಎಲ್ಲವೂ ಅಪರಿಚಿತರ ಕಣ್ಣಿಗೆ ಬೀಳತೊಡಗಿದುವು. ಬೇಡದ ಜಾಹೀರಾತುಗಳನ್ನು ಕಳುಹಿಸುವವರು ಅಲ್ಲಿಂದಲೇ ವಿಳಾಸಗಳನ್ನು ಬಾಚಿಕೊಂಡರು. ಹಿಂಸಿಸಿದವನಿಂದ ತಪ್ಪಿಸಿಕೊಂಡು ಬೇರೆ ಊರಿನಲ್ಲಿ ನೆಲೆಸಿದ ಹೆಂಗಸಿಗೆ ಇದು ಬರಿಯ ಕಿರುಕುಳವಲ್ಲ, ಪ್ರಾಣಭಯ. ಅಂಜಿದವರು ಸುಳ್ಳು ವಿಳಾಸ ಬರೆಯಿಸಿದರು; ಸುಳ್ಳು ತುಂಬಿದ ಪುಸ್ತಕದಿಂದ ಆಸ್ಪತ್ರೆಯ ನೌಕರನಿಗೂ ಉಪಯೋಗವಿಲ್ಲ.

ಉತ್ತರ ಅಮೆರಿಕದಲ್ಲಿ ಸಂಖ್ಯಾ ವಿಳಾಸಗಳನ್ನು ಹಂಚುವ ‘ಆರಿನ್’ ಸಂಸ್ಥೆಯು ಇದಕ್ಕೊಂದು ಜಾಣ ಉಪಾಯವನ್ನು ಕಂಡುಕೊಂಡಿತು. ಗೃಹಸ್ಥನ ಹೆಸರಿನ ಸ್ಥಾನದಲ್ಲಿ ‘ಖಾಸಗಿ ಗ್ರಾಹಕ’, ಬೀದಿಯ ಸ್ಥಾನದಲ್ಲಿ ‘ಖಾಸಗಿ ನಿವಾಸ’ ಎಂದು ಬರೆಯಬಹುದು. ಆದರೆ ಅವನಿಗೆ ಸಂಪರ್ಕ ಒದಗಿಸಿದ ಸಂಸ್ಥೆಯಲ್ಲಿ ದೂರು ಸ್ವೀಕರಿಸುವವರ ವಿವರ ಬಹಿರಂಗವಾಗಿರಲೇಬೇಕು.

ಜಾಲತಾಣಗಳ ಹೆಸರುಗಳ ಪುಸ್ತಕದಲ್ಲಿ ಬದಲಾವಣೆ ತಡವಾಗಿ ಬಂದಿತು. ಐರೋಪ್ಯ ಒಕ್ಕೂಟದ ಖಾಸಗಿ ಮಾಹಿತಿಯ ಕಾಯಿದೆ 2018ರ ಮೇ 25ರಂದು ಜಾರಿಯಾಗಲಿದ್ದುದರಿಂದ, ಆ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ‘ಐಕ್ಯಾನ್’ ಸಂಸ್ಥೆಯು ಎಂಟು ದಿನ ಮೊದಲು ತಾತ್ಕಾಲಿಕ ನಿಯಮವೊಂದನ್ನು ಮಾಡಿತು. ವ್ಯಕ್ತಿಗಳ ವಿವರಗಳು ಮರೆಯಾದುವು. ಅವು ಬೇಕಾದವರು ತಕ್ಕ ಕಾರಣ ತಿಳಿಸಿ ಕೇಳಬೇಕಾಯಿತು. ಉತ್ತರ ಬರುವವರೆಗೆ ವಂಚಕನು ಕಾಯುವನೆ ಎಂಬ ಆಕ್ಷೇಪವೂ ಎದ್ದಿತು, ಅದನ್ನು ತಳ್ಳಿಹಾಕಲಾಗದು.

2025ರ ಜನವರಿ 28ರಿಂದ ‘ಡಾಟ್ ಕಾಮ್’ ಮೊದಲಾದ ಹೆಸರುಗಳಿಗೆ ಹಳೆಯ ‘ಹೂ ಈಸ್’ ಸೇವೆ ಕಡ್ಡಾಯವಾಗಿ ಉಳಿದಿಲ್ಲ. ಅದರ ಸ್ಥಾನಕ್ಕೆ ಬಂದ ‘ಆರ್‌ಡ್ಯಾಪ್’ ಪದ್ಧತಿಯಲ್ಲಿ, ಕೇಳುವವನು ಯಾರೆಂದು ಮೊದಲು ವಿಚಾರಿಸಿ, ಅವನಿಗೆ ಸಲ್ಲುವಷ್ಟನ್ನು ಮಾತ್ರ ತಿಳಿಸಲು ಅವಕಾಶವುಂಟು.