ಗೀಸರ್ ಟೈಮರ್ ಕೈಕೊಟ್ಟರೆ ಏನು ಮಾಡಬೇಕು?

ಬೆಳಿಗ್ಗೆ ಐದಕ್ಕೆ ತಾನಾಗಿ ಆನ್ ಆಗಿ, ಐದೂವರೆಗೆ ಆಫ್ ಆಗಲಿ ಎಂದು ಗೀಸರಿಗೆ ಟೈಮರ್ ಹಾಕಿಸುವವರು ಈಗ ಬಹಳ. ಕರೆಂಟ್ ಉಳಿಸಲು ಒಳ್ಳೆಯ ಉಪಾಯವೇ. ಆದರೆ ಟೈಮರ್ ಇದೆಯಲ್ಲ ಎಂದು ಗೀಸರನ್ನು ಪೂರ್ತಿ ಮರೆತುಬಿಡುವುದು ಅಪಾಯ. ಟೈಮರ್ ಕೆಟ್ಟ ದಿನ ಮನೆಯವರನ್ನು ಕಾಯುವುದು ಗೀಸರಿನೊಳಗಿನ ಥರ್ಮೋಸ್ಟಾಟ್, ಥರ್ಮಲ್ ಕಟ್‌ಔಟ್, ಪೈಪಿನ ಸೇಫ್ಟಿ ವಾಲ್ವ್ ಮತ್ತು ಅರ್ತಿಂಗ್.

ಚಕ್ರ ತಿರುಗುವ ಹಳೆಯ ಮಾದರಿಯ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ಎರಡು ಗಂಟೆ ಕರೆಂಟ್ ಇಲ್ಲದಿದ್ದರೆ ಅದರ ಲೆಕ್ಕವೂ ಎರಡು ಗಂಟೆ ಹಿಂದೆ ಬೀಳುತ್ತದೆ; ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ಗೀಸರ್ ಆನ್ ಆಗುತ್ತದೆ. ಇದಕ್ಕಿಂತ ಕೆಟ್ಟದ್ದು ಟೈಮರಿನೊಳಗಿನ ಕಾಂಟ್ಯಾಕ್ಟ್‌ಗಳು ಬಿಸಿಗೆ ಅಂಟಿಕೊಂಡು ಗೀಸರ್ ಆಫ್ ಆಗದೇ ಉಳಿಯುವುದು. 2,000 ವ್ಯಾಟ್ ಗೀಸರ್ ಸುಮಾರು 9 ಆಂಪ್, 3,000 ವ್ಯಾಟಿನದು 13 ಆಂಪ್ ಎಳೆಯುತ್ತದೆ. ದೀಪ, ಫ್ಯಾನಿಗೆ ಮಾಡಿದ 6 ಆಂಪ್ ಟೈಮರ್ ಅಥವಾ ಸ್ಮಾರ್ಟ್ ಪ್ಲಗ್ ಇದನ್ನು ತಾಳುವುದಿಲ್ಲ. ಪ್ಲಾಸ್ಟಿಕ್ ಹಳದಿಗಟ್ಟಿದರೆ, ಚರಚರ ಸದ್ದು, ಸುಟ್ಟ ವಾಸನೆ ಬಂದರೆ ಅದು ಮುನ್ಸೂಚನೆ.

ಮೊದಲು ಕರೆಂಟ್ ಕಡಿಯಿರಿ

ಹೊತ್ತಲ್ಲದ ಹೊತ್ತಿನಲ್ಲಿ ಗೀಸರಿನ ದೀಪ ಉರಿಯುತ್ತಿದ್ದರೆ ಟೈಮರಿನ ಗುಂಡಿ ಒತ್ತುತ್ತ ನಿಲ್ಲಬೇಡಿ. ಮೀಟರ್ ಬೋರ್ಡಿನ ಬಳಿ ಇರುವ ಎಂಸಿಬಿಯನ್ನು ಕೆಳಗಿಳಿಸಿ. ಒದ್ದೆ ಕೈಯಲ್ಲಿ ಪ್ಲಗ್ ಕೀಳಬೇಡಿ. ಗೀಸರಿನೊಳಗೆ ಗುಳುಗುಳು ಸದ್ದು ಬರುತ್ತಿದ್ದರೆ, ಹಬೆ ಚಿಮ್ಮುತ್ತಿದ್ದರೆ ನಲ್ಲಿ ತಿರುಗಿಸಲು ಹೋಗದೆ ಎಲ್ಲರೂ ಬಚ್ಚಲಿನಿಂದ ಹೊರಬನ್ನಿ. ಕುದಿಯುವ ನೀರು, ಹಬೆ ಒಮ್ಮೆಲೇ ಮೈಮೇಲೆ ಬರಬಹುದು. ತಾನಾಗಿ ತಣ್ಣಗಾಗಲಿ.

ಥರ್ಮೋಸ್ಟಾಟ್ ನೋಡಿ

ಗೀಸರ್ ತಣ್ಣಗಾಗಿದೆ, ಸೋರುತ್ತಿಲ್ಲ, ಪ್ಲಗ್ ಕಪ್ಪಾಗಿಲ್ಲ ಎಂದಾದರೆ ಮಾತ್ರ ಟೈಮರ್ ತೆಗೆದು ನೇರವಾಗಿ 16 ಆಂಪ್ ಸಾಕೆಟ್ಟಿಗೆ ಹಾಕಿ, ಬಾಗಿಲ ಹೊರಗೆ ನಿಂತು ಗಡಿಯಾರ ನೋಡಿ. 2,000 ವ್ಯಾಟಿನ 15 ಲೀಟರ್ ಗೀಸರ್ 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಹೆಚ್ಚುಕಡಿಮೆ 20 ನಿಮಿಷ ಸಾಕು; 25 ಲೀಟರಿನದಕ್ಕೆ ಅರ್ಧ ಗಂಟೆ. ಆಮೇಲೆ ಥರ್ಮೋಸ್ಟಾಟ್ ಕರೆಂಟ್ ಕಡಿದು, ಕಾಯುತ್ತಿರುವುದನ್ನು ತೋರಿಸುವ ದೀಪ ಆರಬೇಕು. ಆ ಹೊತ್ತು ಮೀರಿ ಉರಿಯುತ್ತಲೇ ಇದ್ದರೆ ಆಫ್ ಮಾಡಿ ಮೆಕ್ಯಾನಿಕ್ಕನ್ನು ಕರೆಸಿ. 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳಿಗೆ ಇನ್ನೂ ಬೇಗ. ಹಾಗಾಗಿ ಬಕೆಟ್ಟಿಗೆ ಯಾವತ್ತೂ ತಣ್ಣೀರೇ ಮೊದಲು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಕಟ್‌ಔಟ್ ಪದೇ ಪದೇ ಟ್ರಿಪ್ ಆದಾಗ ಕೆಲವರು, 'ಡೈರೆಕ್ಟ್ ಮಾಡಿಬಿಡ್ತೀನಿ ಸರ್, ಇನ್ನು ತೊಂದ್ರೆ ಕೊಡಲ್ಲ' ಎನ್ನುತ್ತಾರೆ. ಅಂದರೆ ಕಟ್‌ಔಟಿನ ಎರಡೂ ವೈರು ಸೇರಿಸಿ ಟೇಪು ಸುತ್ತುವುದು. ಥರ್ಮೋಸ್ಟಾಟ್ ಸೋತಾಗ ನೀರು ಕುದಿಯದಂತೆ ತಡೆಯುವ ಕೊನೆಯ ಸ್ವಿಚ್ಚು ಅದು. ಅದು ಟ್ರಿಪ್ ಆಗುತ್ತಿದೆ ಎಂದರೆ ಬೇರೇನೋ ಕೆಟ್ಟಿದೆ ಎಂದೇ ಅರ್ಥ. ಎರಡು ದಿನ ಒಲೆಯ ಮೇಲೆ ನೀರು ಕಾಯಿಸಿಕೊಂಡರೂ ಸರಿ, ಇದಕ್ಕೆ ಒಪ್ಪಬೇಡಿ.

ವಾಲ್ವ್ ಮುಚ್ಚಬೇಡಿ

ತಣ್ಣೀರಿನ ಪೈಪು ಗೀಸರಿಗೆ ಸೇರುವಲ್ಲಿ ಇರುವ ಪುಟ್ಟ ಹಿತ್ತಾಳೆ ವಾಲ್ವ್ ನೀರು ಕಾಯುವಾಗ ನಾಲ್ಕಾರು ಹನಿ ತೊಟ್ಟಿಕ್ಕುತ್ತದೆ. ಒತ್ತಡ ಇಳಿಸುವ ಕ್ರಮವೇ ಅದು. ಸೋರುತ್ತಿದೆ ಎಂದು ಅದಕ್ಕೆ ಪ್ಲಗ್ ಬಿಗಿಯುವುದು, ಎಂಸೀಲ್ ಮೆತ್ತುವುದು ಬೇಡ. ಒಳಗೆ ಹಬೆ ತುಂಬಿದರೆ ಹೊರಬರಲು ದಾರಿಯಿಲ್ಲದೆ ಟ್ಯಾಂಕೇ ಸಿಡಿಯಬಹುದು. ಸದಾ ಸುರಿಯುತ್ತಿದ್ದರೆ ಹೊಸ ವಾಲ್ವ್ ಹಾಕಿಸಿ.

ಶಾಕ್‌ನಿಂದ ಕಾಪಾಡಲು ಅರ್ತಿಂಗ್ ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಇರಲಿ. ಅದರ 'ಟೆಸ್ಟ್' ಗುಂಡಿಯನ್ನು ಆಗಾಗ ಒತ್ತಿ ನೋಡಿ.

ಗ್ಯಾಸ್ ಗೀಸರಿನ ಮಾತು ಬೇರೆ. ಅನೇಕ ಮಾದರಿಗಳಲ್ಲಿ 20 ನಿಮಿಷಕ್ಕೆ ಉರಿ ನಿಲ್ಲಿಸುವ ಟೈಮರ್ ಇರುತ್ತದೆ. ಅದನ್ನು ನಂಬಿ ಮುಚ್ಚಿದ ಬಚ್ಚಲಿನಲ್ಲಿ ಸ್ನಾನಕ್ಕೆ ನಿಲ್ಲಬಾರದು. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅಷ್ಟರೊಳಗೇ ಪ್ರಾಣ ತೆಗೆಯಬಲ್ಲದು. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ.

ಹೊಸ ಟೈಮರ್ ಕೊಳ್ಳುವಾಗ ಮೇಲೆ 16 ಆಂಪ್ ಎಂದು ಬರೆದಿದೆಯೇ ನೋಡಿ, ಬಚ್ಚಲಿನ ಹೊರಗೆ ಹಾಕಿಸಿ. ಸ್ನಾನಕ್ಕೆ ಇಳಿಯುವ ಮೊದಲು ಗೀಸರಿನ ಸ್ವಿಚ್ಚನ್ನು ನಿಮ್ಮ ಕೈಯಾರೆ ಆಫ್ ಮಾಡಿ.