ಕೂಸುಗಳ ಬೆಳವಣಿಗೆಗೆ ಹಣವೊಂದೇ ಸಾಕೋ?

ಬಡ ತಾಯಿಯ ಕೈಗೆ ತಿಂಗಳು ತಿಂಗಳಿಗೆ ಹಣ ಸಿಕ್ಕಿದರೆ ಆಕೆಯ ಕೂಸು ಪುಷ್ಟಿಯಾಗಿ ಬೆಳೆಯುವದೆಂದು ನಾವು ಎಣಿಸುತ್ತೇವೆ. ಈ ಎಣಿಕೆಯು ಎಷ್ಟರ ಮಟ್ಟಿಗೆ ನಿಜವೆಂಬದನ್ನು ಬಾಂಗ್ಲಾದೇಶದಲ್ಲಿ ನಡೆದ ಒಂದು ಪರೀಕ್ಷೆಯಿಂದ ವಿಚಾರಿಸೋಣ.

ಅಲ್ಲಿಯ ಬಡ ಹಳ್ಳಿಗಳಲ್ಲಿ 2012ರಿಂದ 2014ರ ವರೆಗೆ ಎರಡು ವರುಷ ಎಳೆಯ ಕೂಸುಗಳುಳ್ಳ ಮನೆಗಳಿಗೆ ಸಹಾಯ ಮಾಡಿದರು. ಕೆಲವು ಊರುಗಳ ತಾಯಂದಿರಿಗೆ ತಿಂಗಳಿಗೆ 1,500 ಟಾಕಾ ಹಣ. ಬೇರೆ ಕೆಲವು ಊರುಗಳಲ್ಲಿ ಅದೇ ಬೆಲೆಯ ಅಕ್ಕಿ, ಬೇಳೆ, ಎಣ್ಣೆ. ಉತ್ತರ ಸೀಮೆಯ ಕೆಲವು ಊರುಗಳಲ್ಲಿಯಾದರೋ ಹಣದ ಸಂಗಡ ಬೋಧನೆಯನ್ನೂ ಕೂಡಿಸಿದರು. ಹೋಲಿಸಿ ನೋಡುವದಕ್ಕೋಸ್ಕರ ಏನೂ ಕೊಡದ ಊರುಗಳೂ ಇದ್ದವು.

ಈ ಬೋಧನೆ ಹೇಗಂದರೆ, ತರಬೇತಿ ಹೊಂದಿದ ಊರಿನ ಸ್ತ್ರೀಯೊಬ್ಬಳು ವಾರಕ್ಕೊಮ್ಮೆ ತಾಯಂದಿರನ್ನು ಕೂಡಿಸಿ ಮೊಲೆಹಾಲು, ಕೈ ತೊಳೆಯುವದು, ಕೂಸಿನ ಊಟ ಇವುಗಳ ವಿಷಯ ಕಲಿಸುವಳು, ಮನೆಗಳಿಗೂ ಹೋಗುವಳು. ಅತ್ತೆಯರನ್ನೂ ಗಂಡಂದಿರನ್ನೂ ಕರೆಯುತ್ತಿದ್ದರು. ಇದು ಬುದ್ಧಿಯ ಕೆಲಸವೇ ಸರಿ, ಯಾಕಂದರೆ ಅತ್ತೆಯ ಮಾತು ಮೀರಿ ಕೂಸಿಗೆ ಮೊಟ್ಟೆ ತಿನ್ನಿಸುವ ಸೊಸೆ ಯಾವ ಊರಿನಲ್ಲಿ ಇದ್ದಾಳೆ?

ಎರಡು ವರುಷದ ಮೇಲೆ ಕೂಸುಗಳ ಎತ್ತರವನ್ನು ಅಳೆದರು. ಹಣ ಮಾತ್ರ ಕೊಟ್ಟ ಊರುಗಳಲ್ಲಿ ವಯಸ್ಸಿಗೆ ತಕ್ಕಷ್ಟು ಬೆಳೆಯದ ಕೂಸುಗಳ ಸಂಖ್ಯೆಯು ಎಣಿಸತಕ್ಕಷ್ಟು ಕಡಿಮೆಯಾಗಲಿಲ್ಲ. ಹಣವೂ ಬೋಧನೆಯೂ ಕೂಡಿದ ಊರುಗಳಲ್ಲಿ ಮಾತ್ರ ಅಂಥ ಕೂಸುಗಳು, ಏನೂ ಕೊಡದ ಊರುಗಳಿಗಿಂತ, ನೂರಕ್ಕೆ ಸುಮಾರು 7ರಷ್ಟು ಕಡಿಮೆಯಾದವು.

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಆರು ತಿಂಗಳು ತುಂಬಿದ ಮೇಲೆ ಕೂಸಿಗೆ ಮೊಲೆಹಾಲು ಒಂದೇ ಸಾಲದು. ಆದರೆ ಅದರ ಹೊಟ್ಟೆ ಬಹು ಚಿಕ್ಕದು. ನೀರಾದ ಗಂಜಿ ಕುಡಿಸಿದರೆ ಹೊಟ್ಟೆ ತುಂಬುವದು, ಮೈ ತುಂಬುವದಿಲ್ಲ. ಹಣ ಬಂದ ಮನೆಯವರು ಅಕ್ಕಿಯನ್ನು ಹೆಚ್ಚಾಗಿ ಕೊಂಡು ಅದೇ ತಿಳಿಗಂಜಿಯನ್ನು ಕುಡಿಸಿದರೆ ಕೂಸಿಗೆ ಏನು ಲಾಭ? ಗಟ್ಟಿಯಾಗಿ ಬೇಯಿಸಿ, ಬೇಳೆ, ಸೊಪ್ಪು, ಮೊಟ್ಟೆಗಳನ್ನು ಹಿಸುಕಿ, ದಿನಕ್ಕೆ ಹಲವು ಸಾರಿ ಸ್ವಲ್ಪ ಸ್ವಲ್ಪವಾಗಿ ತಿನ್ನಿಸಬೇಕು. ಮೊಟ್ಟೆ ಕೊಳ್ಳಲು ಕಾಸಿಲ್ಲದವಳಿಗೆ ಈ ಬೋಧನೆ ಮಾತ್ರ ಮಾಡಿದರೂ ಅದು ಬರೀ ಮಾತಾಗುವದು.

ನಮ್ಮ ದೇಶದಲ್ಲಿಯೂ 2017ರಿಂದ ಮಾತೃವಂದನಾ ಯೋಜನೆಯ ಪ್ರಕಾರ ಚೊಚ್ಚಲ ತಾಯಿಗೆ 5,000 ರೂಪಾಯಿ ಕಂತುಗಳಾಗಿ ಸಲ್ಲುತ್ತದೆ. ಅಂಗನವಾಡಿಯಲ್ಲಿ ಕೂಸಿನ ತೂಕ ನೋಡುವದೂ ಬುದ್ಧಿ ಹೇಳುವದೂ ಉಂಟು. ಆದಕಾರಣ ಕಂತಿನ ಕಾಗದಕ್ಕೆ ಮಾತ್ರ ಅಲ್ಲಿಗೆ ಹೋಗದೆ, ಕೂಸನ್ನು ತೂಗಿಸುವ ದಿನ ಅತ್ತೆಯನ್ನೂ ಸಂಗಡ ಕರಕೊಂಡು ಹೋಗಿರಿ.